ರಟ್ಟೆಯ ಮೇಲಿನ ಕಲೆ ಹೇಳುವುದೆಷ್ಟು?

ವಿಜಯಪುರ ನಗರದ ದೊಡ್ಡಾಸ್ಪತ್ರೆಯಿರಲಿ, ತಿಕೋಟಾ, ಬಬಲೇಶ್ವರದ ಸರಕಾರಿ ದವಾಖಾನೆಯಿರಲಿ, ಹುಟ್ಟಿದ ಕೂಸಿಗೆ ಮೊದಮೊದಲು ಬೀಳುವ ಸೂಜಿಗಳಲ್ಲಿ ಕ್ಷಯದ (ಟಿಬಿ) ವಿರುದ್ಧದ ಬಿಸಿಜಿ ಲಸಿಕೆ ಒಂದು. ಎಡ ರಟ್ಟೆಯ ಚರ್ಮದ ಪದರದೊಳಗೆ ಬರೀ 0.05 ಮಿಲಿಲೀಟರ್. ಎರಡು-ಮೂರು ವಾರಕ್ಕೆ ಗುಳ್ಳೆ ಏಳುತ್ತದೆ, ಒಡೆಯುತ್ತದೆ, ಒಣಗಿ ಕಲೆಯಾಗುತ್ತದೆ. ಕಲೆ ಕಂಡರೆ ಮನೆಯವರಿಗೆ ಸಮಾಧಾನ. ವಿಜ್ಞಾನಿಗಳಿಗೆ ಮಾತ್ರ ನೂರು ವರ್ಷ ಕಳೆದರೂ ಆ ಸಮಾಧಾನ ಸಿಕ್ಕಿಲ್ಲ.

ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ದನದ ಕ್ಷಯಾಣುವನ್ನು ಪಿತ್ತರಸ ಬೆರೆಸಿದ ಆಲೂಗಡ್ಡೆಯ ಮೇಲೆ 13 ವರ್ಷ, 230 ಸಲ ಮರುಬೆಳೆಸಿ ಅದರ ಕಸುವು ತೆಗೆದು ಬಿಸಿಜಿ ರೂಪಿಸಿದರು. 1921ರಲ್ಲಿ ಪ್ಯಾರಿಸ್ಸಿನ ಹಸುಗೂಸೊಂದಕ್ಕೆ ಮೊದಲು ಕೊಟ್ಟಾಗ ಅದು ಬಾಯಿಗೆ ಹಾಕುವ ಮದ್ದು.

ಭಾರತಕ್ಕೆ ಬಂದದ್ದು 1948ರಲ್ಲಿ, ನಮ್ಮ ಕೋಲಾರದ ಗಡಿಯಾಚೆಯ ಮದನಪಲ್ಲಿಗೆ. 1951ರ ಹೊತ್ತಿಗೆ ದೇಶವ್ಯಾಪಿ ಅಭಿಯಾನವಾಯಿತು. 1955ರಲ್ಲಿ ಹಿರಿಯ ನಾಯಕ ರಾಜಾಜಿ ಅದನ್ನು ಬಹಿರಂಗವಾಗಿ ವಿರೋಧಿಸಿದರು. ಅವರ ವಾದವೆಲ್ಲ ವಿಜ್ಞಾನಕ್ಕೆ ಒಪ್ಪುವಂತಿರಲಿಲ್ಲ ನಿಜ. ಆದರೆ ಕೋಟ್ಯಂತರ ಮಕ್ಕಳಿಗೆ ಚುಚ್ಚುವ ಮೊದಲು ಸಾಕ್ಷ್ಯ ಕೇಳಿದ್ದರಲ್ಲಿ ತಪ್ಪೇನಿತ್ತು?

ಆ ಸಾಕ್ಷ್ಯಕ್ಕಾಗಿ 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಸುಮಾರು 2.6 ಲಕ್ಷ ಜನರ ಮೇಲೆ ಪ್ರಯೋಗ ಶುರುವಾಯಿತು. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಲಸಿಕೆ ತಡೆಯಲಿಲ್ಲ. 15 ವರ್ಷ ಕಾದು ನೋಡಿದರೂ ಉತ್ತರ ಅದೇ. ಇಡೀ ಕಥೆಯ ತಿರುವು ಇಲ್ಲಿದೆ. ಲಸಿಕೆ ಹಾಕಿಸಿಕೊಂಡವರ ಚರ್ಮ ಟ್ಯೂಬರ್ಕ್ಯುಲಿನ್ ಎಂಬ ಕ್ಷಯದ ಚರ್ಮಪರೀಕ್ಷೆಗೆ ಚೆನ್ನಾಗಿಯೇ ಕೆಂಪಾಗಿತ್ತು, ಅಂದರೆ ದೇಹ ಸ್ಪಂದಿಸಿತ್ತು. ಆದರೂ ರಕ್ಷಣೆ ಸಿಗಲಿಲ್ಲ. ನಮ್ಮ ಮಣ್ಣು-ನೀರಿನಲ್ಲಿರುವ ಕ್ಷಯಾಣುವಿನ ಬಹುಪಾಲು ನಿರುಪದ್ರವಿ ದಾಯಾದಿಗಳು ಮೊದಲೇ ದೇಹಕ್ಕೆ ಪರಿಚಯವಾಗಿ ಲಸಿಕೆಯ ಕೆಲಸಕ್ಕೆ ಅಡ್ಡಬರುತ್ತವೆ ಎಂಬುದು ಒಂದು ವಿವರಣೆ.

ಹಾಗಾದರೆ ಬಿಸಿಜಿ ದಂಡವೇ? ಅಲ್ಲ. ಮೆದುಳಿನ ಪೊರೆಗೆ ಹತ್ತುವ, ರಕ್ತದಲ್ಲಿ ಹರಡಿ ಇಡೀ ಮೈ ಆವರಿಸುವ ಕ್ಷಯದಿಂದ ಅದು ಎಳೆಯ ಮಕ್ಕಳನ್ನು ಚೆನ್ನಾಗಿ ಕಾಯುತ್ತದೆ. 1978ರ ಲಸಿಕಾ ಕಾರ್ಯಕ್ರಮದಲ್ಲಿ ಅದು ಸೇರಿದ್ದು, ಇಂದಿಗೂ ಉಳಿದಿರುವುದು ಇದಕ್ಕಾಗಿ.

ಲಸಿಕೆ ಕೆಲಸ ಮಾಡುವ ಬಗೆ ಹೀಗೆ: ಚರ್ಮದೊಳಗೆ ಇಳಿದ ಜೀವಂತ ಬ್ಯಾಕ್ಟೀರಿಯಾವನ್ನು ಭಕ್ಷಕ ಕಣಗಳು ನುಂಗಿ, ಅದರ ತುಣುಕುಗಳನ್ನು ಟಿ-ಕಣಗಳೆಂಬ ರೋಗನಿರೋಧಕ ಕಣಗಳಿಗೆ ತೋರಿಸುತ್ತವೆ. ಟಿ-ಕಣಗಳು ಇಂಟರ್‌ಫೆರಾನ್-ಗಾಮಾ ಎಂಬ ಪ್ರೋಟೀನ್ ಸ್ರವಿಸಿ ಭಕ್ಷಕ ಕಣಗಳನ್ನೇ ಹುರಿದುಂಬಿಸುತ್ತವೆ. ದಶಕಗಳ ಕಾಲ ಸಂಶೋಧಕರು ಅಳೆದದ್ದು ಬಹುಮಟ್ಟಿಗೆ ಇದನ್ನೇ. ಹುಟ್ಟಿನಿಂದ ಬಂದ ರೋಗನಿರೋಧಕ ಕಣಗಳನ್ನೂ ಬಿಸಿಜಿ ಪಳಗಿಸುತ್ತದೆ ಎಂದು 2012ರಲ್ಲಿ ನೆದರ್ಲೆಂಡ್ಸಿನ ತಂಡ ತೋರಿಸಿತು. 2019ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರ ತಂಡ ಅದೇ ಮದನಪಲ್ಲಿಯ ವಯಸ್ಕರಿಗೆ ಮರುಲಸಿಕೆ ಹಾಕಿದಾಗ ಎರಡೂ ಬಗೆಯ ಸ್ಪಂದನೆ ಬಲಗೊಂಡದ್ದು ಕಂಡಿತು. ಆಸೆ ಚಿಗುರಿತು. ಆದರೆ ದಕ್ಷಿಣ ಆಫ್ರಿಕಾದ ಹರೆಯದವರಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಮರುಲಸಿಕೆ ಸೋಂಕು ತಡೆಯಲಿಲ್ಲವೆಂದು 2025ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಅಂಕಿ ಏರಿದರೆ ರಕ್ಷಣೆ ಏರಿದಂತೆ ಎಂದು ನಂಬುವುದು ಚೆಂಗಲ್ಪಟ್ಟುವಿನ ಪಾಠವನ್ನು ಮರೆತಂತೆ.

ಭಾರತ 2024ರಲ್ಲಿ ಆಯ್ದ ಜಿಲ್ಲೆಗಳಲ್ಲಿ ವಯಸ್ಕರಿಗೆ ಬಿಸಿಜಿ ನೀಡುವ ಅಧ್ಯಯನ ಕೈಗೊಂಡಿತು. 60 ದಾಟಿದವರು, ಸಕ್ಕರೆ ಕಾಯಿಲೆಯವರು, ಬೀಡಿ-ಸಿಗರೇಟು ಸೇದುವವರು, ತೀರ ಸೊರಗಿದವರು, ಹಿಂದೆ ಟಿಬಿ ಆದವರು, ರೋಗಿಯ ಮನೆಯವರು, ಒಪ್ಪಿದರೆ ಮಾತ್ರ. ಇವರಲ್ಲಿ ಎಷ್ಟು ಜನರಿಗೆ ರೋಗ ಬಂತು ಎಂಬ ಎಣಿಕೆಯೇ ಇಲ್ಲಿ ಮುಖ್ಯ. ಅದು ಸರಿಯಾದ ಪ್ರಶ್ನೆ.

ಅದರ ಉತ್ತರ ಸಿಗುವವರೆಗೆ ತಿಕೋಟಾ, ಬಬಲೇಶ್ವರದ ತಾಯಂದಿರಿಗೆ ಒಂದು ಮಾತು: ಕೂಸಿಗೆ ಬಿಸಿಜಿ ತಡಮಾಡದೆ ಹಾಕಿಸಿ. ಗುಳ್ಳೆಗೆ ಮುಲಾಮು, ಅರಿಶಿನ ಹಚ್ಚಬೇಡಿ. ಕಲೆ ಮೂಡದಿದ್ದರೂ ಮತ್ತೆ ಸೂಜಿ ಬೇಕಿಲ್ಲ. ದೊಡ್ಡವರಿಗೆ ಎರಡು ವಾರ ಮೀರಿ ಕೆಮ್ಮಿದ್ದರೆ, ರಟ್ಟೆಯ ಕಲೆ ನಂಬಿ ಕೂರದೆ ಕಫ ಪರೀಕ್ಷೆ ಮಾಡಿಸಿ. ಸರಕಾರಿ ದವಾಖಾನೆಯಲ್ಲಿ ಅದಕ್ಕೆ ದುಡ್ಡಿಲ್ಲ.