ಈಸ್ಟ್ರೋಜನ್ ಚಿಕಿತ್ಸೆ (ಋತುಬಂಧದಲ್ಲಿ)

ಮುಟ್ಟು ನಿಲ್ಲುವ ಕಾಲದಲ್ಲಿ ಅಂಡಾಶಯಗಳು ಸ್ರವಿಸುವ ಈಸ್ಟ್ರೋಜನ್ ಹಾರ್ಮೋನು ಕುಗ್ಗುವುದರಿಂದ ಉಂಟಾಗುವ ತೊಂದರೆಗಳನ್ನು, ಅದೇ ಹಾರ್ಮೋನನ್ನು ಹೊರಗಿನಿಂದ ಒದಗಿಸಿ ಶಮನಗೊಳಿಸುವ ವಿಧಾನ. ಮುಖ, ಕುತ್ತಿಗೆ, ಎದೆಗೆ ಥಟ್ಟನೆ ಬಿಸಿಯೇರಿ ಬೆವರುವುದು, ರಾತ್ರಿ ಉಡುಪು ತೊಯ್ದು ನಿದ್ದೆಗೆಡುವುದು, ಯೋನಿ ಒಣಗಿ ನೋಯುವುದು ಇವುಗಳಲ್ಲಿ ಮುಖ್ಯವಾದವು. ಬಿಸಿಯೇರಿಕೆಗೆ ಇದಕ್ಕಿಂತ ಪರಿಣಾಮಕಾರಿ ಔಷಧವಿಲ್ಲ.

ಗರ್ಭಕೋಶವಿರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರ ಮಿತಿಮೀರಿ ಬೆಳೆದು ಕ್ಯಾನ್ಸರಿಗೆ ಎಡೆಯಾಗಬಹುದೆಂದು 1975ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದ ಮೇಲೆ, ಆ ಪದರವನ್ನು ಹತೋಟಿಯಲ್ಲಿಡುವ ಪ್ರೊಜೆಸ್ಟೋಜನ್ ಹಾರ್ಮೋನನ್ನೂ ಜೊತೆಗೆ ಕೊಡುವ ಪದ್ಧತಿ ನೆಲೆಗೊಂಡಿತು.

2002ರಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಪ್ರಯೋಗದ ಸಂಯುಕ್ತ ಹಾರ್ಮೋನು ವಿಭಾಗವನ್ನು, ಸ್ತನ ಕ್ಯಾನ್ಸರ್, ಹೃದ್ರೋಗ, ಪಾರ್ಶ್ವವಾಯು ಹಾಗೂ ರಕ್ತ ಹೆಪ್ಪುಗಟ್ಟುವಿಕೆ ಹೆಚ್ಚಿದವೆಂಬ ಕಾರಣಕ್ಕೆ ಅವಧಿಗೆ ಮುನ್ನವೇ ನಿಲ್ಲಿಸಿದ್ದರಿಂದ ಅನೇಕ ದೇಶಗಳಲ್ಲಿ ಬಳಕೆ ಕುಸಿಯಿತು. ಭಾಗವಹಿಸಿದವರ ಸರಾಸರಿ ವಯಸ್ಸು 63 ಎಂಬ ಸಂಗತಿಗೆ ಆಗ ಸಾಕಷ್ಟು ಗಮನ ಸಿಗದೆ, ಪರಿಹಾರ ದೊರೆಯಬಹುದಾಗಿದ್ದ ಎಷ್ಟೋ ಕಿರಿಯ ಸ್ತ್ರೀಯರು ಭೀತಿಯಿಂದಲೇ ಅದರಿಂದ ವಂಚಿತರಾದದ್ದು ಖೇದಕರ. ಮುಂದಿನ ವಿಶ್ಲೇಷಣೆಗಳ ಪ್ರಕಾರ, 60 ದಾಟದ ಅಥವಾ ಮುಟ್ಟು ನಿಂತು 10 ವರ್ಷ ಮೀರದ ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವೇ ಹೆಚ್ಚು.

ಚರ್ಮಕ್ಕೆ ಅಂಟಿಸುವ ಪಟ್ಟಿ ಅಥವಾ ಸವರುವ ಜೆಲ್‌ನಿಂದ ಹಾರ್ಮೋನು ಯಕೃತ್ತನ್ನು ಮೊದಲು ಹಾಯದೆ ನೇರವಾಗಿ ರಕ್ತ ಸೇರುವುದರಿಂದ, ಮಾತ್ರೆಗಿಂತ ಹೆಪ್ಪುಗಟ್ಟುವ ಅಪಾಯ ಕಡಿಮೆ. ಯೋನಿಶುಷ್ಕತೆಯೊಂದೇ ಇದ್ದಲ್ಲಿ ಒಳಗೆ ಹಚ್ಚುವ ಅಲ್ಪಪ್ರಮಾಣದ ಕ್ರೀಮು ಸಾಕು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹೃದಯಾಘಾತ ಅಥವಾ ರಕ್ತನಾಳದಲ್ಲಿ ಹೆಪ್ಪು ಆಗಿದ್ದವರಿಗೆ, ತೀವ್ರ ಯಕೃತ್ ರೋಗವಿರುವವರಿಗೆ ಹಾರ್ಮೋನು ಚಿಕಿತ್ಸೆಯನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಕಾರಣ ತಿಳಿಯದ ರಕ್ತಸ್ರಾವವಿದ್ದರೆ ತಪಾಸಣೆಯಾಗುವ ತನಕ ಆರಂಭಿಸಬಾರದು, ಚಿಕಿತ್ಸೆಯ ನಡುವೆ ಕಂಡರೂ ವೈದ್ಯರಿಗೆ ತಡಮಾಡದೆ ತೋರಿಸಬೇಕು.