ಅರಳುವ ಸುಣ್ಣ

ಕನ್ನಡದಲ್ಲಿ ಹೂವು ಅರಳುತ್ತದೆ, ಒಳ್ಳೆಯ ಸುದ್ದಿಗೆ ಮುಖ ಅರಳುತ್ತದೆ, ಕಾದ ಮರಳಿನಲ್ಲಿ ಭತ್ತ ಅರಳುತ್ತದೆ. ಹಾಗೆ ಅರಳಿದ ಕಾಳಿಗೆ ಅರಳು ಎಂಬುದೇ ಹೆಸರಾಗಿದ್ದು, ಜೋಳದ ಅರಳಿಲ್ಲದಿದ್ದರೆ ಉತ್ತರ ಕರ್ನಾಟಕದ ನಾಗರ ಪಂಚಮಿಗೆ ಕಳೆಯಿಲ್ಲ. ಇದೇ ಕ್ರಿಯಾಪದ ಸುಣ್ಣಕ್ಕೂ ಸಲ್ಲುತ್ತದೆಂಬುದು ಇಂದಿನ ಮಕ್ಕಳಿಗೆ ಬಹುಮಟ್ಟಿಗೆ ಪಠ್ಯಪುಸ್ತಕದಿಂದಲೇ ತಿಳಿಯಬೇಕು, ಏಕೆಂದರೆ ಡಬ್ಬಿಯ ಬಣ್ಣ ಬಂದ ಮೇಲೆ ಅಂಗಳದಲ್ಲಿ ಸುಣ್ಣ ಅರಳಿಸುವ ಕೆಲಸ ಹೆಚ್ಚಿನ ಮನೆಗಳಿಂದ ಮರೆಯಾಗಿದೆ.

ಸುಣ್ಣಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಬೆಂದಾಗ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಸುಟ್ಟ ಸುಣ್ಣವಾಗುತ್ತದೆ. ಒಂದು ವಸ್ತು ಹೀಗೆ ಎರಡಾಗಿ ಒಡೆಯುವುದಕ್ಕೆ ವಿಭಜನ ಕ್ರಿಯೆ ಎಂದು ಹೆಸರು. ಆ ಗಟ್ಟಿ ಹೆಂಟೆಗಳ ಮೇಲೆ ನೀರು ಸುರಿದರೆ, ಅವು ಮೊದಲು ನೀರನ್ನು ಹೀರಿ ಸುಮ್ಮನಿದ್ದಂತೆ ಕಂಡು, ಬಳಿಕ ಬಿಸಿಯೇರಿ, ಬುಸುಗುಟ್ಟಿ, ಹಬೆಯುಗುಳುತ್ತ, ಬಿರುಕುಬಿಟ್ಟು, ಉಬ್ಬಿ ಹಿಟ್ಟಾಗಿ ಉದುರುತ್ತವೆ. ಎರಡು ವಸ್ತುಗಳು ಕೂಡಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಒಂದೇ ವಸ್ತುವಾಗುವುದರಿಂದ ಇದು ಸಂಯೋಗ ಕ್ರಿಯೆ, ಶಾಖ ಹೊರಬೀಳುವುದರಿಂದ ಬಹಿರುಷ್ಣಕ ಕ್ರಿಯೆ. ಇಂಗ್ಲಿಷ್ ಭಾಷೆ ಇಲ್ಲಿ ಬಾಯಾರಿಕೆ ತಣಿಸುವ ಕ್ರಿಯಾಪದವನ್ನು ಬಳಸಿ ಸುಣ್ಣದ ದಾಹವನ್ನು ಕಂಡರೆ, ಕನ್ನಡ ಅದರ ಉಬ್ಬುವಿಕೆಯನ್ನು ಕಂಡಿದೆ. ಹೊಸ ವಸ್ತುವಿನ ಗಾತ್ರ ಹಳೆಯದರ ಸುಮಾರು ಎರಡರಷ್ಟಾಗುವುದರಿಂದ ಕನ್ನಡದ ನೋಟವೇ ಹೆಚ್ಚು ನಿಖರವೆನ್ನಬೇಕು. ಸುಣ್ಣ ಎಂಬ ಹೆಸರು ಕೂಡ ಪುಡಿ ಎಂಬರ್ಥದ ಚೂರ್ಣದ ತದ್ಭವವೇ. (ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎಂಬ ಗಾದೆ ಪಕ್ಷಪಾತವನ್ನು ಹಳಿಯುವುದಾದರೂ, ಈ ಪ್ರತ್ಯಾಮ್ಲ ಕಣ್ಣನ್ನು ಸುಡುತ್ತದೆಂಬ ಎಚ್ಚರಿಕೆಯೂ ಅದರಲ್ಲಿ ಅಡಗಿದೆ.)

ಆದರೆ ಭಾಷೆ ಒಂದೇ ಮಾತಿನಲ್ಲಿ ಸೇರಿಸಿದ್ದನ್ನು ರಸಾಯನ ವಿಜ್ಞಾನ ಬೇರೆಬೇರೆ ಮಾಡುತ್ತದೆ. ಭತ್ತ ಅರಳುವಾಗ ಕಾಳಿನೊಳಗಿನ ತೇವ ಹಬೆಯಾಗಿ ಸಿಡಿದು ಪಿಷ್ಟವನ್ನು ಹಿಗ್ಗಿಸುತ್ತದೆ. ತುಸು ಕಂದುವುದನ್ನು ಬಿಟ್ಟರೆ ಪಿಷ್ಟ ಪಿಷ್ಟವಾಗಿಯೇ ಉಳಿಯುವುದರಿಂದ ಅದು ಮುಖ್ಯವಾಗಿ ಭೌತಿಕ ಬದಲಾವಣೆ. ಹಿಂದಿರುಗಿಸಲಾಗದ ಬದಲಾವಣೆಯೆಲ್ಲ ರಾಸಾಯನಿಕ ಎಂದು ತರಗತಿಗಳಲ್ಲಿ ಬಾಯಿಪಾಠವಾಗಿರುವ ಸುಲಭ ಸೂತ್ರ ಇಲ್ಲಿ ಮುರಿದುಬೀಳುತ್ತದೆ, ಏಕೆಂದರೆ ಅರಳನ್ನು ಮತ್ತೆ ಭತ್ತ ಮಾಡಲು ಯಾರಿಂದಲೂ ಆಗದು, ರಾಸಾಯನಿಕವಾಗಿ ಬದಲಾದ ಸುಣ್ಣವಾದರೋ ಮರಳಿ ಕಲ್ಲಾಗಬಲ್ಲದು. ಕೇಳಬೇಕಾದ ಪ್ರಶ್ನೆ ಹೊಸ ವಸ್ತು ಹುಟ್ಟಿತೇ ಎಂಬುದೊಂದೇ.

ಸುಣ್ಣ ಕಲ್ಲಾಗುವುದು ಗೋಡೆಯ ಮೇಲೆ. ಬಳಿದಾಗ ಮಂಕಾಗಿ ಕಾಣುವ ಅರಳಿದ ಸುಣ್ಣ ಎರಡು ಮೂರು ದಿನಗಳಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ, ನೀರನ್ನು ಬಿಟ್ಟು, ಕ್ಯಾಲ್ಸಿಯಂ ಕಾರ್ಬೊನೇಟಿನ ತೆಳುಪದರವಾಗಿ ಬೆಳ್ಳಗೆ ಹೊಳೆಯತೊಡಗುತ್ತದೆ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರೂದಿದಾಗ ಅದು ಹಾಲಿನಂತಾಗುವುದೂ ಇದೇ ಕ್ರಿಯೆಯಿಂದ. ಲೆಕ್ಕವೂ ಕೂಡಿಬರುತ್ತದೆ: 100 ಗ್ರಾಂ ಶುದ್ಧ ಸುಣ್ಣಕಲ್ಲು ಭಟ್ಟಿಯಲ್ಲಿ 44 ಗ್ರಾಂ ಅನಿಲ ಕಳೆದುಕೊಂಡು 56 ಗ್ರಾಂ ಆಗುತ್ತದೆ, 18 ಗ್ರಾಂ ನೀರು ಕುಡಿದು 74 ಗ್ರಾಂ ಆಗಿ ಅರಳುತ್ತದೆ, ಕೊನೆಗೆ ಆ ನೀರನ್ನು ಗಾಳಿಗೆ ಒಪ್ಪಿಸಿ, ಗಾಳಿಯಿಂದ 44 ಗ್ರಾಂ ಅನಿಲವನ್ನು ಮರಳಿ ಪಡೆದು, ಗೋಡೆಯ ಮೇಲೆ 100 ಗ್ರಾಂ ಕಲ್ಲಾಗಿ ನಿಲ್ಲುತ್ತದೆ.