ಐರಿಷ್ ಮರದ ಕೊಳಲು

ಐರಿಷ್ ಸಂಗೀತದ ಮರದ ಅಡ್ಡಕೊಳಲು ಮೂಲತಃ 19ನೆಯ ಶತಮಾನದ ಇಂಗ್ಲೆಂಡಿನ ಆರ್ಕೆಸ್ಟ್ರಾ ವಾದ್ಯ. ಅದರ ಕೊಳವೆ ತುದಿಯತ್ತ ಕಿರಿದಾಗುತ್ತ ಹೋಗುತ್ತದೆ. ಬೆರಳಿಗೆ ಆರು ತೂತುಗಳಿದ್ದು, ಉಳಿದ ಸ್ವರಗಳಿಗೆ ಎಂಟರವರೆಗೂ ಲೋಹದ ಕೀಲಿಗಳಿರುತ್ತವೆ. ಬಾಕ್ಸ್‌ವುಡ್ ಮತ್ತು ಕೆರಿಬಿಯನ್ ದ್ವೀಪಗಳ ಕೋಕಸ್ ಮರದಿಂದ ಇದನ್ನು ಕಡೆಯುತ್ತಿದ್ದರು. ಲಂಡನ್ನಿನಲ್ಲಿ ಹೆಸರು ಮಾಡಿದ ಚಾರ್ಲ್ಸ್ ನಿಕೋಲ್ಸನ್ ದೊಡ್ಡ ತೂತಿನ ಕೊಳಲು ನುಡಿಸಿ ಅದರ ತುಂಬುನಾದವನ್ನು ಜನಪ್ರಿಯಗೊಳಿಸಿದ.

1831ರಲ್ಲಿ ಆ ನಾದವನ್ನು ಕೇಳಿದ ಮ್ಯೂನಿಕ್ಕಿನ ತಿಯೋಬಾಲ್ಡ್ ಬೋಮ್, ತನ್ನ ಕೊಳಲು ಅದಕ್ಕೆ ಸಾಟಿಯಲ್ಲವೆಂದು ಅರಿತು ಹೊಸ ವಿನ್ಯಾಸಕ್ಕೆ ತೊಡಗಿದ. ಅವನು 1847ರಲ್ಲಿ ರೂಪಿಸಿದ ನೇರ ಕೊಳವೆಯ ಕೊಳಲಿಗೆ ವೃತ್ತಿವಾದಕರು ಕ್ರಮೇಣ ಹೊರಳಿದರು. ಬೇಡವಾದ ಹಳೆಯ ಕೊಳಲುಗಳೂ ಜರ್ಮನಿಯ ಅಗ್ಗದ ಪ್ರತಿಗಳೂ ಐರ್ಲೆಂಡಿನ ಹಳ್ಳಿಗರ ಕೈಸೇರಿದವು. ಅಲ್ಲಿನ ಕುಣಿತದ ರೀಲ್, ಜಿಗ್ ಮಟ್ಟುಗಳು ಹೆಚ್ಚಾಗಿ ಡಿ ಮತ್ತು ಜಿ ಶ್ರುತಿಯವು. ಅವಕ್ಕೆ ಆರು ತೂತುಗಳೇ ಬಹುಪಾಲು ಸಾಕಾದ್ದರಿಂದ, ಕೀಲಿ ಮುರಿದರೂ ವಾದನ ನಿಲ್ಲುತ್ತಿರಲಿಲ್ಲ.

ಸ್ಲೈಗೋ, ಲೀಟ್ರಿಮ್, ರಾಸ್ಕಾಮನ್ ಕೌಂಟಿಗಳು ಈ ವಾದನದ ನೆಲೆಗಳಾದವು. ಲೀಟ್ರಿಮ್‌ನಿಂದ ವಲಸೆ ಹೋದ ಜಾನ್ ಮೆಕೆನ್ನಾ 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ನೀಡಿದ ಧ್ವನಿಮುದ್ರಿಕೆಗಳು ತಾಯ್ನಾಡಿನ ವಾದಕರಿಗೂ ಮಾದರಿಯಾದವು. ಆಗ ಕೊಳಲಿಗೆ ಮನೆಯಂಗಳದ ಕುಣಿತವೇ ವೇದಿಕೆ. ಐರ್ಲೆಂಡಿನ 1935ರ ಕಾಯ್ದೆ ಸಾರ್ವಜನಿಕ ನೃತ್ಯಕ್ಕೆ ಪರವಾನಗಿ ಕಡ್ಡಾಯಗೊಳಿಸಿತು. ಅದರ ಬಿಸಿ ಮನೆಗಳ ಕುಣಿತಕ್ಕೂ ತಟ್ಟಿತು. ಎರಡನೆಯ ಮಹಾಯುದ್ಧದ ಬಳಿಕ ಲಂಡನ್ನಿನ ಪಬ್‌ಗಳಲ್ಲಿ ಐರಿಷ್ ವಲಸಿಗರು ಸುತ್ತ ಕುಳಿತು ಒಟ್ಟಾಗಿ ನುಡಿಸುವ 'ಸೆಷನ್' ಬೇರೂರಿತು. 1951ರಲ್ಲಿ ಶುರುವಾದ ಫ್ಲಾ ಸಂಗೀತೋತ್ಸವ ಐರ್ಲೆಂಡಿನಲ್ಲೂ ಇಂಥ ಕೂಟಗಳಿಗೆ ಇಂಬು ನೀಡಿತು. ಪಿಟೀಲು, ಅಕಾರ್ಡಿಯನ್‌ಗಳ ನಡುವೆ ಕೇಳಿಸಬೇಕಾದ ಕೊಳಲಿಗೆ ದೊಡ್ಡ ತೂತಿನ ಗಟ್ಟಿ ನಾದ ಒದಗಿಬಂತು.

ಈ ಹಳೆಯ ಕೊಳಲುಗಳ ನೂರು ವರ್ಷ ದಾಟಿದ ಮರಕ್ಕೆ ದೊಡ್ಡ ಶತ್ರು ಒಣಹವೆ. ಹಲವು ಕೊಳಲುಗಳ ತಲೆಭಾಗದ ಒಳಗೆ ಲೋಹದ ನಳಿಗೆಯಿರುತ್ತದೆ. ಮರ ಒಣಗಿ ಕುಗ್ಗುತ್ತದೆ, ಲೋಹ ಕುಗ್ಗದು. ಹಾಗಾಗಿ ಮರ ಸೀಳುತ್ತದೆ. ನುಡಿಸಿದ ಮೇಲೆ ಒಳಗಿನ ತೇವವನ್ನು ಬಟ್ಟೆಯಿಂದ ಒರೆಸುವುದು, ಆಗಾಗ ಬಾದಾಮಿ ಎಣ್ಣೆ ಸವರುವುದು, ಕೂಡಿಕೆಗಳ ದಾರ ಅಥವಾ ಬೆಂಡು ಸವೆದಾಗ ಹೊಸದು ಸುತ್ತುವುದು ರೂಢಿಯ ಆರೈಕೆ. ಹೊಸ ಕೊಳಲನ್ನು ಮೊದಮೊದಲು ದಿನಕ್ಕೆ ಸ್ವಲ್ಪ ಹೊತ್ತಷ್ಟೇ ನುಡಿಸಿ ಪಳಗಿಸುತ್ತಾರೆ.

ಬೇಡಿಕೆ ಹೆಚ್ಚಿ ಹಳೆಯ ಕೊಳಲುಗಳು ಸಾಲದಾದಾಗ, 1970ರ ದಶಕದಿಂದ ಹೊಸ ತಯಾರಕರು ಮುಂದೆ ಬಂದರು. ರುಡಾಲ್ ಅಂಡ್ ರೋಸ್‌ನಂಥ ಲಂಡನ್ ಸಂಸ್ಥೆಗಳ ಕೊಳಲುಗಳನ್ನು ಅಳೆದು ಪ್ರತಿ ಮಾಡಿದರು. ಕೀಲಿಯೇ ಇಲ್ಲದ ಅಗ್ಗದ ಮಾದರಿಗಳನ್ನೂ ತಂದರು. ಈಗ ಹೆಚ್ಚು ಬಳಕೆಯಲ್ಲಿರುವುದು ಆಫ್ರಿಕದ ಕರಿಮರ. ಇದು ಮಲೆನಾಡಿನ ಬೀಟೆಯ ಕುಲಕ್ಕೇ ಸೇರಿದ್ದು. ಈ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು 2017ರಲ್ಲಿ ನಿಯಂತ್ರಣಕ್ಕೆ ಒಳಪಡಿಸಿದಾಗ ಕೊಳಲುಗಳ ಸಾಗಣೆಗೂ ಪರವಾನಗಿ ಬೇಕಾಯಿತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು.